ಭರ್ಜಿ ನಿಮ್ಮದು, ಸೂಜಿ ನನ್ನದು

‘ಸಂಪಾದಕರೇ, ಹಿಮಯುಗದ ವಿಶೇಷ ಸಂಚಿಕೆಯ ಮುಖಪುಟ ನೋಡಿ ಎದೆಯುಬ್ಬಿತು. ನಾಲ್ವರು ಗಂಡಾಳುಗಳು ಭರ್ಜಿ ಹಿಡಿದು ಮ್ಯಾಮತ್ ಆನೆಗೆ ಎದುರಾಗಿ ನಿಂತ ಆ ಚಿತ್ರವನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದೇನೆ. ಆದರೆ ಒಳಗೇನಿದೆ? ಎರಡು ಪುಟ ಸೂಜಿ, ಅರ್ಧ ಪುಟ ಹೇನು! ಇದು ವಿಜ್ಞಾನವೋ ಹೊಲಿಗೆ ತರಗತಿಯೋ? ಹವಾಮಾನ ಯಾವ ಕಾಲದಲ್ಲಿ ಬದಲಾಗಿಲ್ಲ? ಗಟ್ಟಿಗರು ಉಳಿದರು, ಮೆತ್ತಗಿನವರು ಅಳಿದರು. ಮನುಷ್ಯ ಮನುಷ್ಯನಾದದ್ದೇ ಹಾಗೆ. ಈಗ ಎರಡು ಡಿಗ್ರಿ ಬಿಸಿ ಏರಿದರೆ ಪ್ರಪಂಚ ಮುಳುಗಿತು ಎಂದು ಬೊಬ್ಬೆ ಹಾಕುವವರ ಜೊತೆ ನೀವೂ ಸೇರಬೇಕೆ?’

— ನಿವೃತ್ತ ದೈಹಿಕ ಶಿಕ್ಷಕರು, ಹಾವೇರಿ ಜಿಲ್ಲೆ

ಮಾನ್ಯ ಮಾಸ್ತರರೇ,

ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಜಾವೆಲಿನ್ ಎಸೆಯಲು ಕಲಿಸಿದವರು ನೀವು ಎಂದು ಪತ್ರದ ಕೊನೆಯ ಸಾಲಿನಲ್ಲಿ ಬರೆದಿದ್ದೀರಿ. ಅದನ್ನೇ ಮೊದಲು ಬರೆದಿದ್ದರೆ ನಿಮ್ಮ ಸಿಟ್ಟಿನ ಮೂಲ ಹುಡುಕಲು ನಾನು ಪತ್ರವನ್ನು ಮೂರು ಸಲ ಓದಬೇಕಾಗುತ್ತಿರಲಿಲ್ಲ. ಇರಲಿ, ನಿಮಗೆ ಸಲ್ಲಬೇಕಾದದ್ದನ್ನು ಮೊದಲು ಸಲ್ಲಿಸಿಬಿಡುತ್ತೇನೆ.

ಜರ್ಮನಿಯ ಶೋನಿಂಗೆನ್ ಎಂಬಲ್ಲಿ, ಕಲ್ಲಿದ್ದಲ ಗಣಿಯಲ್ಲಿ, 1990ರ ದಶಕದಲ್ಲಿ ಮರದ ಭರ್ಜಿಗಳು ಸಿಕ್ಕವು. ಅವುಗಳ ವಯಸ್ಸು ಕನಿಷ್ಠ ಎರಡು ಲಕ್ಷ ವರ್ಷ. ಇಂಥ ಭರ್ಜಿ ಹತ್ತು ಮೀಟರಿಗಿಂತ ಆಚೆ ಕೆಲಸಕ್ಕೆ ಬಾರದು ಎಂದು ಪಂಡಿತರು ಬಹಳ ಕಾಲ ನಂಬಿದ್ದರು. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅದರ ನಕಲು ಮಾಡಿಸಿ ಪಳಗಿದ ಜಾವೆಲಿನ್ ಆಟಗಾರರ ಕೈಗೆ ಕೊಟ್ಟರು. ಅವರು ಇಪ್ಪತ್ತು ಮೀಟರ್ ದೂರದ ಗುರಿಗೆ ಹೊಡೆದು ತೋರಿಸಿದರು. ಪುಸ್ತಕದವರಿಗೆ ತಿಳಿಯದ್ದು ಮೈದಾನದವರಿಗೆ ತಿಳಿದಿತ್ತು. ನಿಮ್ಮ ಗೋಡೆಯ ಮೇಲೆ ಇದನ್ನೂ ಬರೆದುಕೊಳ್ಳಿ.

ಹವಾಮಾನ ಸದಾ ಬದಲಾಗುತ್ತಿತ್ತು ಎಂಬ ಮಾತೂ ನಿಜವೇ. ಭೂಮಿಯ ಕಕ್ಷೆ ಮತ್ತು ಓಲಾಟ ಬದಲಾಗುವುದರಿಂದ ಹಿಮಯುಗಗಳು ಬಂದುಹೋಗುತ್ತವೆ ಎಂದು 1860ರ ದಶಕದಲ್ಲಿ ಲೆಕ್ಕ ಹಾಕಿದವನು ಜೇಮ್ಸ್ ಕ್ರಾಲ್, ಗ್ಲಾಸ್ಗೋದ ಕಾಲೇಜೊಂದರ ಜವಾನ. ಕಸ ಗುಡಿಸುವ ಕೆಲಸ ಮುಗಿಸಿ ಅಲ್ಲಿನ ಗ್ರಂಥಾಲಯದಲ್ಲಿ ಕೂತು ಓದುತ್ತಿದ್ದ. ಸರ್ಬಿಯಾದ ಗಣಿತಜ್ಞ ಮಿಲಂಕೊವಿಚ್ ಆ ಲೆಕ್ಕವನ್ನು ತಿದ್ದಿ ಪೂರ್ತಿ ಮಾಡಿದ. 1976ರಲ್ಲಿ ಸಮುದ್ರದ ತಳದ ಕೆಸರು ಅದಕ್ಕೆ ಸಾಕ್ಷಿ ನುಡಿಯಿತು.

ಇಷ್ಟು ಕಪ್ಪಕಾಣಿಕೆ ಸಾಕು. ಇನ್ನು ಜಗಳ.

ನೀವು ಮೆಚ್ಚಿದ ಆ ಮುಖಪುಟ ನನ್ನ ಸೋಲು. ಸಂಚಿಕೆ ಮುದ್ರಣಕ್ಕೆ ಹೋಗುವ ಹಿಂದಿನ ರಾತ್ರಿ ಚಿತ್ರ ಕೈಗೆ ಬಂತು. ದಟ್ಟ ಹಿಮ, ಹಿಂದೆ ನೀರ್ಗಲ್ಲ ಗೋಡೆ, ಆನೆಯ ಸೊಂಡಿಲಿನಿಂದ ಹೊಮ್ಮುವ ಉಗಿ. ಎಲ್ಲ ಸೊಗಸು. ಆದರೆ ನಾಲ್ವರೂ ಬರಿಮೈಯಲ್ಲಿ! ಸೊಂಟಕ್ಕೊಂದು ಚರ್ಮದ ತುಂಡು, ಅಷ್ಟೇ. ಜಾತ್ರೆಯ ಕುಸ್ತಿ ಕಣದಿಂದ ನೆಟ್ಟಗೆ ಸೈಬೀರಿಯಾಕ್ಕೆ ಬಂದಿಳಿದವರ ಹಾಗೆ. ಮೈತುಂಬ ಉಣ್ಣೆ ಇದ್ದದ್ದು ಆನೆಗೆ ಮಾತ್ರ. ತಿದ್ದಿಸಲು ವೇಳೆಯಿರಲಿಲ್ಲ. ಅಂಗಡಿಯಲ್ಲಿ ನೇತು ಹಾಕಿದರೆ ಕಣ್ಣಿಗೆ ಹೊಡೆಯುತ್ತದೆ ಎಂಬ ಆಸೆಯೂ ಇತ್ತು. ಬಿಟ್ಟುಬಿಟ್ಟೆ. ಅಂಥ ಚಳಿಯಲ್ಲಿ ಬರಿಮೈಯಲ್ಲಿ ನಿಂತವರನ್ನು ಆನೆ ತುಳಿಯಬೇಕಾಗಿಯೇ ಇಲ್ಲ. ಬೆರಳು ಮರಗಟ್ಟಿ ಭರ್ಜಿ ತಾನಾಗಿ ಜಾರುತ್ತದೆ.

ಗಟ್ಟಿಗರು ಉಳಿದರು ಎನ್ನುತ್ತೀರಿ. ಗಟ್ಟಿಗರಲ್ಲಿ ಗಟ್ಟಿಗರು ನಿಯಾಂಡರ್ತಾಲರು, ಈಗ ಅಳಿದುಹೋದ ನಮ್ಮ ದಾಯಾದಿ ಮನುಷ್ಯರು. ಕುಳ್ಳು ಮೈಕಟ್ಟು, ಪೀಪಾಯಿಯಂಥ ಎದೆ, ಗಿಡ್ಡ ಕೈಕಾಲು; ಕಾವು ಸೋರದಂಥ ದೇಹ. ಅಂಥವನೊಬ್ಬ ಸಿಕ್ಕಿದ್ದರೆ ನಿಮ್ಮ ಕಬಡ್ಡಿ ತಂಡಕ್ಕೆ ಉಳಿದ ಆರು ಜನ ಬೇಕಾಗುತ್ತಿರಲಿಲ್ಲ. ಯುರೋಪಿನ ಒಂದಲ್ಲ, ಹಲವು ಹಿಮದ ಕಾಲಗಳನ್ನು ದಾಟಿ ಬಂದವರು, ಸುಮಾರು 40,000 ವರ್ಷಗಳ ಹಿಂದೆ ಮರೆಯಾದರು. ನಮ್ಮ ಡಿಎನ್‌ಎಯಲ್ಲಿ ಅವರದೊಂದು ಚೂರು ಉಳಿದಿದೆ, ಅಷ್ಟೇ. ಏಕೆ ಹೋದರು ಎಂಬುದಕ್ಕೆ ವಿದ್ವಾಂಸರು ಹತ್ತು ಕಾರಣ ಕೊಡುತ್ತಾರೆ. ನನಗೆ ಪ್ರಿಯವಾದದ್ದು ಒಂದು. ಅವರ ನೆಲೆಗಳಲ್ಲಿ ಚರ್ಮ ಹೆರೆಯುವ ಕಲ್ಲು ಸಿಕ್ಕಿದೆ, ಚರ್ಮವನ್ನು ಮಿದುಗೊಳಿಸುವ ಮೂಳೆ ಸಿಕ್ಕಿದೆ. ಕಣ್ಣಿರುವ ಸೂಜಿ ಸಿಕ್ಕಿಲ್ಲ. ಅವರು ಹೊದೆಯುತ್ತಿದ್ದರು. ಕಂಬಳಿ ಹೊದ್ದವನು ಅದು ಜಾರದಂತೆ ಹಿಡಿಯಲು ಒಂದು ಕೈ ಮೀಸಲಿಡಬೇಕು. ಭರ್ಜಿ ಎಸೆಯಬೇಕಾದದ್ದೂ ಅದೇ ಕೈ, ಮಾಸ್ತರರೇ.

ಸೈಬೀರಿಯಾದ ಡೆನಿಸೊವಾ ಗುಹೆಯಲ್ಲಿ ಸಿಕ್ಕ ಸೂಜಿಯನ್ನು ನೋಡಿ. ಹಕ್ಕಿಯ ಮೂಳೆಯದು, ಏಳು ಸೆಂಟಿಮೀಟರ್ ಚಿಲ್ಲರೆ ಉದ್ದ, 40,000 ವರ್ಷಕ್ಕೂ ಹಳೆಯದು. ಅದನ್ನು ಹಿಡಿದ ಕೈ ನಮ್ಮವರದೋ, ಡೆನಿಸೊವನ್ನರೆಂಬ ದಾಯಾದಿಗಳದೋ ಎಂಬ ತಕರಾರು ಇದೆ. ಯಾರದಾದರೂ ಆಗಲಿ, ತುದಿಯಲ್ಲಿ ಕಣ್ಣು ಕೊರೆದಿದ್ದಾರೆ. ಮೂಳೆ ಸೀಳದ ಹಾಗೆ ಅಷ್ಟು ಸಣ್ಣ ತೂತು ಕೊರೆಯುವುದೆಂದರೇನು ಎಂದು ತಿಳಿಯಬೇಕಾದರೆ ಒಂದು ಸಂಜೆ ಕೋಳಿ ಮೂಳೆ ಹಿಡಿದು ಕೂತು ನೋಡಿ. ನಾನು ಕೂತಿದ್ದೆ. ಆರು ಮೂಳೆ ಹಾಳಾದವು, ಒಂದು ಹೆಬ್ಬೆರಳು ಸೀಳಿತು. ಸೂಜಿ ಬಂದ ಮೇಲೆ ತೋಳಿಗೆ ತೋಳು, ಕಾಲಿಗೆ ಕಾಲು ಎಂದು ಮೈಗೊಪ್ಪುವಂತೆ ಹೊಲಿದು, ಒಂದರ ಮೇಲೊಂದು ತೊಡಲು ಸಾಧ್ಯವಾಯಿತು. ಒಳಗೆ ಗಾಳಿ ನುಗ್ಗಲಿಲ್ಲ. ಧ್ರುವವೃತ್ತದಾಚೆ ಯಾನಾ ನದಿಯ ದಡದಲ್ಲಿ ಸುಮಾರು 32,000 ವರ್ಷಗಳ ಹಿಂದೆಯೇ ಜನ ಸಂಸಾರ ಹೂಡಿದ್ದರು. ಅಲ್ಲಿ ಸೂಜಿಗಳೂ ಸಿಕ್ಕಿವೆ.

ಹೇನಿನ ವಿಚಾರಕ್ಕೆ ನೀವು ಮೂಗು ಮುರಿದಿದ್ದೀರಿ. ಮಾರ್ಕ್ ಸ್ಟೋನ್‌ಕಿಂಗ್ ಎಂಬ ತಳಿವಿಜ್ಞಾನಿಯ ಮಗ ಒಂದು ದಿನ ಶಾಲೆಯಿಂದ ಚೀಟಿ ತಂದ: ತರಗತಿಯಲ್ಲಿ ಹೇನು ಕಾಣಿಸಿಕೊಂಡಿದೆ, ಎಚ್ಚರ. ನಮ್ಮ ತಾಯಂದಿರಾದರೆ ಸೀರಣಿಗೆ ಹುಡುಕುತ್ತಿದ್ದರು. ಈತ ಯೋಚನೆಗೆ ಬಿದ್ದ. ತಲೆಯ ಹೇನು ಬೇರೆ, ಬಟ್ಟೆಯ ಹೇನು ಬೇರೆ. ಬಟ್ಟೆಯದು ಹೊಲಿಗೆಯ ಸಂದಿಯಲ್ಲಿ ಮೊಟ್ಟೆಯಿಡುತ್ತದೆ. ಹಾಗಾದರೆ ಎರಡೂ ಬೇರೆಯಾದ ಕಾಲ ಗೊತ್ತಾದರೆ ಮನುಷ್ಯ ಬಟ್ಟೆ ಹಿಡಿದ ಕಾಲವೂ ಗೊತ್ತಾಗಬೇಕಲ್ಲ? 2003ರಲ್ಲಿ ಅವನ ತಂಡ ಒಂದು ಲೆಕ್ಕ ಕೊಟ್ಟಿತು. 2011ರಲ್ಲಿ ಇನ್ನೊಂದು ತಂಡ ಅದನ್ನು ಹಿಂದಕ್ಕೆ ತಳ್ಳಿ ಸುಮಾರು 1,70,000 ವರ್ಷ ಎಂದಿತು. ಅಂಗಿ ಉಳಿಯಲಿಲ್ಲ, ಅಂಗಿಯ ಹೇನು ಸಾಕ್ಷಿ ಹೇಳಿತು! ಅಂದಹಾಗೆ, ಕನ್ನಡದಲ್ಲಿ ತಲೆಯದು ಹೇನು, ಬಟ್ಟೆಯದು ಕೂರೆ. ಪ್ರಯೋಗಾಲಯಕ್ಕೆ ಹೋಗದೆಯೇ ನಮ್ಮ ಹಿರಿಯರು ಎರಡಕ್ಕೂ ಬೇರೆ ಹೆಸರಿಟ್ಟಿದ್ದರು. ಈ ಪದ ತಿಳಿದ ಕೊನೆಯ ತಲೆಮಾರು ಬಹುಶಃ ನಮ್ಮದು.

ನಮ್ಮ ಅವ್ವ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ, ಅಪ್ಪನ ಧೋತರದ ಚೂರು, ನನ್ನ ಹರಿದ ಅಂಗಿಯ ಬೆನ್ನು, ಎಲ್ಲವನ್ನೂ ಪದರ ಪದರವಾಗಿ ಹಾಸಿ, ಅದರ ಮೇಲೆಯೇ ಕೂತು, ಅಂಚಿನಿಂದ ಒಳಕ್ಕೆ ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಬರುತ್ತಿದ್ದಳು. ಕಣ್ಣು ಮಂದವಾದ ಮೇಲೆ ದಾರ ಪೋಣಿಸುವ ಕೆಲಸ ನನ್ನದಾಯಿತು. ದಾರದ ತುದಿಯನ್ನು ಎಂಜಲು ಮಾಡಿ, ಹೊಸೆದು, ಒಂದು ಕಣ್ಣು ಮುಚ್ಚಿ ಪೋಣಿಸಿ ಕೊಟ್ಟರೆ, ‘ಇಷ್ಟುದ್ದ ಯಾಕೆ ಬಿಟ್ಟಿ, ಗಂಟು ಬೀಳುತ್ತದೆ’ ಎಂಬ ಬೈಗುಳ. ಬೆಳಗಿನ ಜಾವದ ಚಳಿಗೆ ಆ ಕೌದಿಯೊಳಗೆ ನಾವು ಮೂವರು ಮಕ್ಕಳು ಬೆಳೆದೆವು. ಊರಿನಲ್ಲಿ ಯಾರೂ ಅದನ್ನು ಸಾಧನೆ ಎಂದು ಕರೆದದ್ದು ನನಗೆ ನೆನಪಿಲ್ಲ.

ರಷ್ಯಾದ ಸುಂಗೀರ್ ಎಂಬಲ್ಲಿ ಸುಮಾರು 34,000 ವರ್ಷ ಹಳೆಯ ಸಮಾಧಿಗಳಿವೆ. ಒಬ್ಬ ಗಂಡಸು, ಬೇರೊಂದು ಗುಂಡಿಯಲ್ಲಿ ತಲೆಗೆ ತಲೆ ಹಚ್ಚಿ ಮಲಗಿಸಿದ ಇಬ್ಬರು ಮಕ್ಕಳು. ಗಂಡಸಿನ ಮೈಮೇಲೆ ಮೂರು ಸಾವಿರದಷ್ಟು ದಂತದ ಮಣಿ, ಮಕ್ಕಳಿಬ್ಬರ ಮೈಮೇಲೆ ಸೇರಿ ಹತ್ತು ಸಾವಿರದಷ್ಟು. ಚರ್ಮ ಕೊಳೆಯಿತು, ದಾರ ಕೊಳೆಯಿತು, ಮಣಿಗಳ ಸಾಲು ಮಾತ್ರ ಎದೆ, ತೋಳು, ಕಾಲಿನ ಗುಂಟ ಹಾಗೆಯೇ ಉಳಿಯಿತು. ಅಂಗಿಯಿಲ್ಲದ ಅಂಗಿ! ಒಂದೊಂದು ಮಣಿಗೂ ಸುಮಾರು ಒಂದು ಗಂಟೆ ಹಿಡಿದೀತು ಎಂಬುದು ಮಾಡಿ ನೋಡಿದವರ ಲೆಕ್ಕ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನಾವು ಗೇಲಿ ಮಾಡುತ್ತೇವೆ. ಈ ಜನ ಅಂಥ ಚಳಿಯಲ್ಲಿ ಜುಟ್ಟಿಗೆ ಹತ್ತು ಸಾವಿರ ಮಲ್ಲಿಗೆ ಮುಡಿಸಿದರು, ಅದೂ ತೀರಿಕೊಂಡ ಮಕ್ಕಳಿಗೆ. ಪಕ್ಕದಲ್ಲಿ ಮ್ಯಾಮತ್ ದಂತವನ್ನು ನೇರ ಮಾಡಿದ ಉದ್ದನೆಯ ಭರ್ಜಿಗಳೂ ಇದ್ದವು, ಒಂದಂತೂ 2.4 ಮೀಟರ್, ನಿಮ್ಮ ಪಾಲನ್ನು ನಾನು ಮುಚ್ಚಿಡುವುದಿಲ್ಲ.

ಕಲ್ಲು ಉಳಿಯುತ್ತದೆ, ದಾರ ಕೊಳೆಯುತ್ತದೆ: ನನ್ನ ತಕರಾರಿನ ಬೇರು ಇಲ್ಲಿದೆ. ಶಿಲಾಯುಗ, ಕಂಚಿನ ಯುಗ, ಕಬ್ಬಿಣದ ಯುಗ ಎಂಬ ವಿಂಗಡಣೆ ಶುರುವಾದದ್ದೇ ಕೋಪನ್‌ಹೇಗನ್ನಿನ ವಸ್ತುಸಂಗ್ರಹಾಲಯದ ಕಪಾಟುಗಳನ್ನು ಥಾಮ್ಸೆನ್ ಎಂಬಾತ ಜೋಡಿಸುವಾಗ. ಕಪಾಟಿನಲ್ಲಿ ಏನಿತ್ತೋ ಅದರ ಹೆಸರು ಕಾಲಕ್ಕೆ ಬಂತು. ನಮ್ಮ ಮನೆಯನ್ನು ಮೂವತ್ತು ಸಾವಿರ ವರ್ಷಗಳ ನಂತರ ಅಗೆದರೆ ಒರಳುಕಲ್ಲು ಸಿಗುತ್ತದೆ, ಅವ್ವನ ಕೌದಿ ಸಿಗುವುದಿಲ್ಲ. ನಮ್ಮದನ್ನು ಒರಳು ಯುಗ ಎಂದು ಕರೆದಾರು. ಒಮ್ಮೆ ಒಂದು ವಸ್ತುಸಂಗ್ರಹಾಲಯದಲ್ಲಿ ಕೊಡಲಿಗಳಿಗೆ ಗಾಜಿನ ಪೆಟ್ಟಿಗೆ, ಮೇಲೊಂದು ದೀಪ ಕಂಡೆ. ಮೂಳೆಯ ಸೂಜಿಗಳು ಎಲ್ಲಿ ಎಂದು ಕೇಳಿದರೆ ಸಿಬ್ಬಂದಿ ಒಂದು ಡ್ರಾಯರ್ ಎಳೆದು ತೋರಿಸಿದರು. ಅದರ ಮೇಲಿನ ಚೀಟಿ: ‘ಇತರೆ’.

ಮನುಷ್ಯ ಮನುಷ್ಯನಾದ ಬಗೆಯನ್ನು ಕೇಳಿದ್ದೀರಿ. ಅದಕ್ಕೆ ಹಿಮ ಬಿಟ್ಟು ಆಫ್ರಿಕಾಕ್ಕೆ ಹೋಗಬೇಕು. ಕೆನ್ಯಾದ ಒಲೊರ್ಗೆಸೈಲಿಯಲ್ಲಿ ಸುಮಾರು ಏಳು ಲಕ್ಷ ವರ್ಷ ಒಂದೇ ಬಗೆಯ ದಪ್ಪ ಕೈಗೊಡಲಿ ನಡೆಯಿತು. ನಮ್ಮ ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಕೆ. ಪದ್ದಯ್ಯನವರ ತಂಡ ಅಗೆದು ತೆಗೆದದ್ದೂ ಅದೇ ಮನೆತನದವು; ಸುಣ್ಣಕಲ್ಲಿನವು, ಹನ್ನೆರಡು ಲಕ್ಷ ವರ್ಷದಷ್ಟು ಹಳೆಯವು. (ನಮ್ಮ ಮಕ್ಕಳಿಗೆ ರಾಜರ ಪಟ್ಟಾಭಿಷೇಕದ ಇಸವಿ ಬಾಯಿಪಾಠ ಬರುತ್ತದೆ, ಇಸಾಂಪುರ ಎಲ್ಲಿದೆ ಎಂದರೆ ಬಸ್ ನಿಲ್ದಾಣದವರನ್ನು ಕೇಳಬೇಕು.) ಬಳಿಕ ಕೆನ್ಯಾದ ಆ ನೆಲದಲ್ಲಿ ಹವಾಮಾನ ನಿಲ್ಲಲಾರದಂತೆ ಹೊಯ್ದಾಡಿತು. ಕೆರೆ ತುಂಬಿತು, ಬತ್ತಿತು, ಹುಲ್ಲು ಬಂತು, ಹೋಯಿತು. ದೊಡ್ಡ ಪ್ರಾಣಿಗಳು ಹೋಗಿ ಸಣ್ಣವು ಬಂದವು. 3,20,000 ವರ್ಷಗಳ ಹಿಂದಿನ ಹೊತ್ತಿಗೆ ಕೈಗೊಡಲಿ ಇಲ್ಲ; ಸಣ್ಣ, ಚೂಪಾದ ಉಪಕರಣಗಳಿವೆ. ಹತ್ತಾರು ಕಿಲೋಮೀಟರ್ ದೂರದಿಂದ ತಂದ ಕರಿಗಾಜಿನ ಕಲ್ಲಿದೆ, ಎಂದರೆ ದೂರದ ಊರಲ್ಲಿ ನೆಂಟರಿದ್ದರು. ತೇಯ್ದ ಕೆಂಪು ಬಣ್ಣವಿದೆ. ಅಲ್ಲಿ ಅಗೆದ ರಿಕ್ ಪಾಟ್ಸ್ ಹೇಳುವುದೂ ಇದನ್ನೇ: ಒಂದು ಬಗೆಯ ಬಿಸಿಲಿಗೋ ಒಂದು ಬಗೆಯ ಚಳಿಗೋ ಒಗ್ಗಿಕೊಂಡು ನಾವು ಉಳಿಯಲಿಲ್ಲ, ಯಾವುದಕ್ಕೂ ಪೂರ್ತಿ ಒಗ್ಗಿಕೊಳ್ಳದೆ ಉಳಿದೆವು. ಇದರಲ್ಲಿ ತೋಳ್ಬಲದ ಮಾತು ಎಲ್ಲಿ ಬಂತು?

ಕೊನೆಗೆ ನಿಮ್ಮ ಎರಡು ಡಿಗ್ರಿ. ಕಡು ಹಿಮಯುಗಕ್ಕೂ ಕಾರ್ಖಾನೆಗಳು ಬರುವ ಮುಂಚಿನ ಕಾಲಕ್ಕೂ ಭೂಮಿಯ ಸರಾಸರಿ ಉಷ್ಣತೆಯಲ್ಲಿ ಇದ್ದ ಅಂತರ ಸುಮಾರು ಆರು ಡಿಗ್ರಿ. ಅಂದರೆ ನೀವು ‘ಬೊಬ್ಬೆ’ ಎಂದದ್ದು ಹಿಮಯುಗದ ಮೂರನೆಯ ಒಂದು ಪಾಲು. ಆಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 190ರ ಆಸುಪಾಸು ಇದ್ದ ಇಂಗಾಲದ ಡೈಆಕ್ಸೈಡ್ 280ರ ಹತ್ತಿರ ಬರಲು ಸಾವಿರಾರು ವರ್ಷ ಹಿಡಿಯಿತು. ಅಲ್ಲಿಂದ 420 ದಾಟಲು ಎರಡೂವರೆ ಶತಮಾನವೂ ಬೇಕಾಗಲಿಲ್ಲ. ಹಿಮಯುಗದಲ್ಲಿ ಸಮುದ್ರ ಈಗಿರುವುದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಮಂಗಳೂರಿನ ಮೀನುಗಾರರು ಇಂದು ಬಲೆ ಬೀಸುವ ಎಷ್ಟೋ ಜಾಗ ಆಗ ಒಣನೆಲ. ಶ್ರೀಲಂಕಾಕ್ಕೆ ನಡೆದೇ ಹೋಗಬಹುದಿತ್ತು. ನೀರು ಏರಿ ಬಂದಾಗ ಜನ ಗಂಟು ಕಟ್ಟಿಕೊಂಡು ಮೇಲಕ್ಕೆ ನಡೆದರು, ಏಕೆಂದರೆ ಮೇಲೆ ಜಾಗವಿತ್ತು, ಮುಳುಗಿದ ನೆಲಕ್ಕೆ ಪಹಣಿ ಇರಲಿಲ್ಲ. ಸಹಾರಾ ಹಸಿರಾಗಿದ್ದಾಗ ಅಲ್ಲಿ ಮೀನು ಹಿಡಿದವರು, ಅದು ಒಣಗಿದಾಗ ನೈಲ್ ಕಡೆಗೆ ಸರಿದರು. ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ. ಈಗ ಎಂಟುನೂರು ಕೋಟಿ ಜನ, ಸೂಜಿಮೊನೆಯಷ್ಟು ಜಾಗ ಬಿಡೆನೆಂದ ದುರ್ಯೋಧನನ ವಂಶ ಎಲ್ಲ ಗಡಿಗಳಲ್ಲೂ ಕಾವಲಿದೆ.

ಚಿತ್ರಕಾರರಿಗೆ ಮೊನ್ನೆ ಫೋನ್ ಮಾಡಿದ್ದೆ. ಈ ಸಂಚಿಕೆಗಳನ್ನೆಲ್ಲ ಸೇರಿಸಿ ಪುಸ್ತಕ ತರುವವರಿದ್ದೇವೆ, ಆ ನಾಲ್ವರಿಗೆ ದಯವಿಟ್ಟು ಬಟ್ಟೆ ತೊಡಿಸಿ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮುಂದೆ ಗುಂಡಿ ಹಾಕಲೋ, ಕಸೆ ಕಟ್ಟಲೋ?’ ಎಂದು ಕೇಳಿದರು. ಕಸೆ ಎಂದಿದ್ದೇನೆ. ಭರ್ಜಿ ಹಾಗೆಯೇ ಇರಲಿ ಎಂದೂ ಹೇಳಿದ್ದೇನೆ.

— ಸಂ.