ಸಂಪಾದಕರ ಉತ್ತರ: ಕರೆಂಟ್ ಏಳು ತಾಸು ಇದ್ದರೆ ನೀರೂ ಏಳು ತಾಸು ಬೇಕೇ?

ಮುಧೋಳ ತಾಲ್ಲೂಕಿನ ರೈತ ಮಹಿಳೆಯೊಬ್ಬರು ಬರೆದಿದ್ದಾರೆ: "ಕಾಲುವೆ ಬದಿಗೆ ನಮ್ಮದು ಎರಡು ಎಕರೆ ಎರಿ (ಕಪ್ಪು ಮಣ್ಣಿನ) ಹೊಲ. ಮಗ ಹಟ ಹಿಡಿದು ಕಬ್ಬಿಗೆ ಡ್ರಿಪ್ (ಹನಿ ನೀರಾವರಿ) ಹಾಕಿಸಿದ. 5 ಅಡಿಗೊಂದು ಪೈಪು, 40 ಸೆಂಟಿಮೀಟರ್‌ಗೊಂದು ತೂತು, ತಾಸಿಗೆ 2 ಲೀಟರ್. ತ್ರೀ ಫೇಸ್ ಕರೆಂಟ್ ಏಳು ತಾಸು ಬರುತ್ತದೆ. ಕರೆಂಟ್ ಬಂದಾಗ ಪಂಪ್ ತಾನೇ ಚಾಲೂ ಆಗುವಂತೆ ಸ್ಟಾರ್ಟರ್ ಆಟೋದಲ್ಲಿ ಇಟ್ಟು ಮಲಗುತ್ತೇವೆ. ಆದರೂ ಬಾವಿ ನೀರು ಉಳಿದಿಲ್ಲ, ಕಬ್ಬೂ ಏರಿಲ್ಲ. ತಗ್ಗಿನ ಕಡೆ ಹಳದಿ ತಿರುಗಿದೆ. ನಮ್ಮ ಭಾವನವರು 'ಹನಿ ನೀರಿಗೆ ಕಬ್ಬಿನ ಹೊಟ್ಟಿ ತುಂಬ್ತದೇನು? ಕಿತ್ತು ಒಗೀರಿ' ಅನ್ನುತ್ತಾರೆ. ಅಷ್ಟಕ್ಕೂ ನಾವು ಉಳಿಸಿದ ನೀರು ಮುಂದಿನವರ ಹೊಲಕ್ಕೆ ತಾನೇ ಹೋಗೋದು? ನಮಗೇನು ಬಂತು?"

ಅಕ್ಕಾವ್ರೇ, ಕಿತ್ತು ಹಾಕಬೇಡಿ. ನೀವು ಬರೆದದ್ದು ನೋಡಿದರೆ ತಪ್ಪು ಪೈಪಿನದಲ್ಲ, ಆ ಏಳು ತಾಸಿನದು.

ಲೆಕ್ಕ ಹಾಕೋಣ. ನೀವು ಕೊಟ್ಟ ಅಳತೆಗೆ ಎಕರೆಯಲ್ಲಿ ಸುಮಾರು 6,600 ತೂತು ಬರುತ್ತವೆ. ತಾಸಿಗೆ 13,200 ಲೀಟರ್. ಏಳು ತಾಸಿಗೆ 92 ಸಾವಿರ ಲೀಟರ್ ದಾಟುತ್ತದೆ. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ಆಗುತ್ತದೆ. ಅಂದರೆ ನೀವು ದಿನಾ ರಾತ್ರಿ ಮುಕ್ಕಾಲು ಇಂಚಿಗಿಂತ ಜಾಸ್ತಿ ಮಳೆ ಸುರಿಸುತ್ತಿದ್ದೀರಿ! ಏಪ್ರಿಲ್-ಮೇ ಬಿಸಿಲಿನಲ್ಲೂ ಎದೆಮಟ್ಟ ಬೆಳೆದ ಕಬ್ಬಿಗೆ ದಿನಕ್ಕೆ 7-8 ಮಿಲಿಮೀಟರ್ ಸಾಕು (ಒಂದು ಇಂಚು ಅಂದರೆ ಸುಮಾರು 25 ಮಿಲಿಮೀಟರ್). ನಿಮ್ಮ ಪೈಪಿನಲ್ಲಿ ಅದು ಎರಡೂವರೆ ತಾಸಿನ ಕೆಲಸ. ಸಣ್ಣ ಕಬ್ಬಿಗೆ, ಚಳಿಗಾಲದಲ್ಲಿ, ಅದರ ಅರ್ಧವೂ ಬೇಡ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಬಿಲ್ ಕಟ್ಟಬೇಕಿಲ್ಲ, ಹಾಗಾಗಿ ಆರಿಸುವ ನೆನಪೂ ಆಗುವುದಿಲ್ಲ. ನಿಮ್ಮನ್ನು ದೂರುತ್ತಿಲ್ಲ, ಈ ಭಾಗದಲ್ಲಿ ಬಹಳ ಮನೆಗಳಲ್ಲಿ ಇದೇ ನಡೆದಿದೆ. ಸ್ಟಾರ್ಟರ್‌ಗೆ ಒಂದು ಟೈಮರ್ ಕೂಡಿಸಿಕೊಳ್ಳಿ.

ನನಗೆ ನಿಜವಾಗಿ ಆತಂಕ ಹುಟ್ಟಿಸಿದ್ದು ಆ ತಗ್ಗಿನ ಹಳದಿ. ಎರಿ ಮಣ್ಣು ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ. ನೀರು ನಿಂತರೆ ಬೇರಿಗೆ ಗಾಳಿ ಸಿಗುವುದಿಲ್ಲ, ಎಲೆ ಹಳದಿ ಆಗುತ್ತದೆ. ನೋಡಿದವರು ನೀರು ಕಡಿಮೆ ಆಯ್ತೆಂದು ಇನ್ನಷ್ಟು ಹಾಯಿಸುತ್ತಾರೆ. ನಮ್ಮಪ್ಪನೂ ಹಾಗೇ ಮಾಡಿದರು. ಕಾಲುವೆ ಸರದಿ ಬಂದ ರಾತ್ರಿ ಒಡ್ಡು ಕಡಿದು ನೀರು ಬಿಟ್ಟು ಬರುತ್ತಿದ್ದರು, ಬೆಳಗಿನ ತನಕ ಹರಿಯುತ್ತಿತ್ತು. ಕೆಲವು ವರ್ಷಕ್ಕೆ ತಗ್ಗಿನ ಮಣ್ಣು ಬೆಳಗಾದರೆ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗೆ ಕಾಣತೊಡಗಿತು. ಚಪ್ಪಲಿ ಇಟ್ಟರೆ ಮೇಲಿನ ಪದರ ಹಪ್ಪಳದ ಹಾಗೆ ಮುರಿಯುತ್ತಿತ್ತು, ಕೆಳಗೆ ಅಂಟು ಕೆಸರು. ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟೆ, ಉಪ್ಪು. ನೆಲದೊಳಗಿನ ನೀರು ಮೇಲೆ ಬಂದು, ಬಿಸಿಲಿಗೆ ಆರಿ, ಉಪ್ಪನ್ನು ಅಲ್ಲೇ ಬಿಟ್ಟು ಹೋಗಿತ್ತು. ಕಬ್ಬು ಬೆಳೆದ ಜಾಗದಲ್ಲಿ ಜಾಲಿ ಬಂತು. ಸವಳು ಆದ ಆ ಭೂಮಿಗೆ ಬಸಿಗಾಲುವೆ ತೋಡಿಸಿ, ಜಿಪ್ಸಂ ಹಾಕಿ, ಹಸಿರು ಗೊಬ್ಬರಕ್ಕೆ ಸೆಣಬು ಬಿತ್ತಿ ಮಣ್ಣಿಗೆ ಮುರಿದು ಸಾಕಾದೆವು. ಇವತ್ತಿಗೂ ಅದು ಪೂರ್ತಿ ನಮ್ಮ ಕೈಗೆ ಬಂದಿಲ್ಲ.

"ನಮಗೇನು ಬಂತು" ಎಂದು ಕೇಳಿದ್ದೀರಿ. ಬಂದದ್ದು ನಿಮ್ಮ ಹೊಲ, ಅಕ್ಕಾವ್ರೇ. ಎರಿ ಭೂಮಿಯಲ್ಲಿ ಜಾಸ್ತಿ ಬಿಟ್ಟ ನೀರು ಸುಮ್ನೆ ಹೋಗುವುದಿಲ್ಲ, ಕೂತು ಹೊಲವನ್ನೇ ತಿನ್ನುತ್ತದೆ. ಮಗನಿಗೆ ಹೇಳಿ ತಗ್ಗಿನ ಕಡೆ ಈ ವಾರವೇ ನೀರು ಬಂದ್ ಮಾಡಿಸಿ. ಅಲ್ಲಿನ ಸಾಲು ಪೈಪುಗಳಾದ ಲ್ಯಾಟರಲ್‌ಗಳಿಗೆ ಬೇರೆ ವಾಲ್ವ್ ಕೂಡಿಸಿದರೆ ಇನ್ನೂ ಒಳ್ಳೆಯದು. ಮಣ್ಣು, ಬಾವಿ ನೀರು ಎರಡನ್ನೂ ಪರೀಕ್ಷೆಗೆ ಕೊಡಿ.

ನೀರು ಬಿಡುವ ಮುಂಚೆ ಹೊಲವನ್ನು ಕೇಳುವುದು ಕಲಿಯಿರಿ. ಸಾಲಿನಲ್ಲಿ ಒಂದು ಮೊಳ ಆಳಕ್ಕೆ ತೋಡಿ, ತಳದ ಮಣ್ಣು ಹಿಡಿ ತೆಗೆದು ಅಮುಕಿ. ಉಂಡೆ ಕಟ್ಟಿ ಅಂಗೈಗೆ ಪಸೆ ಹತ್ತಿದರೆ ಅವತ್ತು ನೀರು ಬೇಡ. ಮೇಲಿನ ಮಣ್ಣು ಬಿರುಕು ಬಿಟ್ಟದ್ದು ನೋಡಿ ಮೋಸ ಹೋಗಬೇಡಿ, ಎರಿ ಮಣ್ಣು ಮೇಲೆ ಒಣಗಿ ಒಳಗೆ ಹಸಿ ಇರುತ್ತದೆ.

ಇನ್ನೊಂದು ಪರೀಕ್ಷೆ ನಿಮ್ಮ ಅಡುಗೆಮನೆಯ ಅರ್ಧ ಲೀಟರ್ ಲೋಟದಿಂದ ಆಗುತ್ತದೆ. ಪೈಪಿನ ಮೊದಲು, ನಡು, ಕೊನೆ, ಹೀಗೆ ನಾಲ್ಕಾರು ತೂತಿನ ಕೆಳಗೆ ಸಣ್ಣ ಗುಂಡಿ ತೋಡಿ ಲೋಟ ಇಡಿ. ಕಾಲು ತಾಸಿಗೆ ಅದು ತುಂಬಬೇಕು. ಕೊನೆಯಲ್ಲಿ ಅರ್ಧವೇ ತುಂಬಿದರೆ ಫಿಲ್ಟರ್ ತೊಳೆಯಿರಿ, ಲ್ಯಾಟರಲ್ ತುದಿ ಬಿಚ್ಚಿ ನೀರು ತಿಳಿ ಆಗುವ ತನಕ ಹರಿಯಲು ಬಿಡಿ. ಗಡುಸು ನೀರಿನ ಬಾವಿ ಇದ್ದರೆ ತೂತಿನಲ್ಲಿ ಸುಣ್ಣ ಕಟ್ಟುತ್ತದೆ.

ಕಬ್ಬು ಕಡಿದ ಮೇಲೆ ರವದಿಗೆ (ಉಳಿದ ಒಣ ಎಲೆಗೆ) ಬೆಂಕಿ ಹಚ್ಚಬೇಡಿ. ಎಕರೆಗೆ ಮೂರು-ನಾಲ್ಕು ಟನ್ ಸಿಗುತ್ತದೆ. ಕೂಳೆ ಕಬ್ಬಿನ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬಿನ) ಸಾಲಿನಲ್ಲಿ ಹಾಸಿದರೆ ಬಿಸಿಲು ನೆಲ ಮುಟ್ಟುವುದಿಲ್ಲ, ಕಸವೂ ಏಳುವುದಿಲ್ಲ.

ಉಳಿದದ್ದು ಮುಂದಿನವರಿಗೆ ಹೋಗುತ್ತದೆ ಎಂಬ ಮಾತು. ಹೌದು, ಹೋಗುತ್ತದೆ, ಹೋಗಲಿ. ಘಟಪ್ರಭಾ ನದಿಯ ಹಿಡಕಲ್ ಅಣೆಕಟ್ಟಿನಿಂದ ಬಿಟ್ಟ ನೀರು ಕಾಲುವೆಯ ಕೊನೆಗೆ ಮುಟ್ಟದೆ ಜೋಳ ಒಣಗಿಸಿಕೊಂಡವರು ಹೊರಗಿನವರಲ್ಲ, ನಮ್ಮ ಜಿಲ್ಲೆಯವರೂ ಇದ್ದಾರೆ. 1989ರಲ್ಲಿ ಜಮಖಂಡಿ ಪಕ್ಕದ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ದುಡ್ಡು ಕೂಡಿಸಿ, ಮೈಮುರಿದು ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ನೀರಿಗಾಗಿ ಹಾಗೆ ಕೂಡಿದ ಜನ ನಾವು. ಆದರೆ ಒಂದು ಮಾತು ಮನಸ್ಸಿನಲ್ಲಿರಲಿ. ನೀರು ಉಳಿಯಿತು ಅಂತ ಪಕ್ಕದ ಎಕರೆಗೂ ಕಬ್ಬು ಹಚ್ಚಿದರೆ ಉಳಿದದ್ದು ಏನೂ ಇಲ್ಲ, ಬಾವಿ ಮತ್ತೆ ತಳ ಕಾಣುತ್ತದೆ. ಅಲ್ಲಿ ಕಡಲೆ, ಜೋಳ ಇರಲಿ.

ಲೋಟದ ಪರೀಕ್ಷೆ ಮಾಡುವ ದಿನ ಭಾವನವರನ್ನೂ ಹೊಲಕ್ಕೆ ಕರೆಯಿರಿ, ತೋಡಿದ ಮಣ್ಣಿನ ಉಂಡೆ ಅವರ ಕೈಯಲ್ಲೇ ಇಡಿ. ಯಾವ ಸಾಲಿನಲ್ಲಿ ಲೋಟ ಎಷ್ಟು ತುಂಬಿತು ಎಂದು ನಮಗೆ ಬರೆಯಿರಿ. ನೀರು ನಿಲ್ಲಿಸಿದ ಮೇಲೆ ತಗ್ಗಿನಲ್ಲಿ ಹೊಸ ಎಲೆ ಹಸಿರಾಗಿ ಬಂತೇ ಎಂಬುದನ್ನೂ ತಿಳಿಸಿ.