ಬೆಳಗಿನ ‘ಕೀಂಯ್’ ಶಬ್ದಕ್ಕೆ ಆಲ್ಟರ್ನೇಟರ್ ಬದಲಿಸಬೇಕೇ?

ಪ್ರಶ್ನೆ: ನಮ್ಮದು ಎಂಟು ವರ್ಷ ಹಳೆಯ ಪೆಟ್ರೋಲ್ ಕಾರು. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಬಾನೆಟ್ ಒಳಗಿಂದ ‘ಕೀಂಯ್’ ಎಂಬ ಕರ್ಕಶ ಶಬ್ದ ಬಂದು, ಸ್ವಲ್ಪ ಹೊತ್ತಿನಲ್ಲಿ ನಿಲ್ಲುತ್ತದೆ. ಎ.ಸಿ. ಹಾಕಿದರೆ ಮತ್ತೆ ಶುರು. ಗ್ಯಾರೇಜಿನವರು ಬೆಲ್ಟಿಗೆ ಏನೋ ಸ್ಪ್ರೇ ಹೊಡೆದರು, ವಾರದಲ್ಲೇ ಶಬ್ದ ಮರಳಿತು. ಈಗ ಆಲ್ಟರ್ನೇಟರ್ ಬದಲಿಸಿ ಎನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗರು, ವಿದ್ಯಾರಣ್ಯಪುರ

ಉತ್ತರ: ಸದ್ಯಕ್ಕೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೆ ದುಡ್ಡು ಸುರಿಯಬೇಡಿ. ನೀವು ಹೇಳಿದ ಲಕ್ಷಣಗಳೆಲ್ಲ ಅದನ್ನೂ ಎ.ಸಿ. ಕಂಪ್ರೆಸರನ್ನೂ ಎಂಜಿನ್ ಬಲದಿಂದ ತಿರುಗಿಸುವ ಫ್ಯಾನ್ ಬೆಲ್ಟ್ ಜಾರುತ್ತಿದೆ ಎನ್ನುತ್ತಿವೆ. ಸ್ಟಾರ್ಟ್ ಮಾಡುವಾಗ ಬ್ಯಾಟರಿ ಕಳೆದುಕೊಂಡದ್ದನ್ನು ಆಲ್ಟರ್ನೇಟರ್ ಕೂಡಲೇ ತುಂಬಿಸತೊಡಗುತ್ತದೆ. ಆಗ ಅದನ್ನು ತಿರುಗಿಸುವುದು ಬೆಲ್ಟಿಗೆ ಭಾರ. ಡಿಸೆಂಬರಿನ ಬೆಂಗಳೂರಿನಲ್ಲಿ ರಾತ್ರಿಯಿಡೀ ಹೊರಗೆ ನಿಂತ ಕಾರಿನ ಬೆಲ್ಟು ತಣ್ಣಗೆ, ತೇವವಾಗಿರುತ್ತದೆ, ಹಿಡಿತ ತಪ್ಪುತ್ತದೆ. ಎ.ಸಿ. ಕಂಪ್ರೆಸರ್ ಸೇರಿಕೊಂಡಾಗಲೂ ಅಷ್ಟೇ. ಬ್ಯಾಟರಿ ಸೊರಗಿದ್ದರೆ ಈ ಹೊರೆ ಇನ್ನೂ ಹೆಚ್ಚು, ಆದ್ದರಿಂದ ಮೊದಲು ಅದನ್ನು ಪರೀಕ್ಷಿಸಿ.

ಆ ಸ್ಪ್ರೇ ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಶಬ್ದವನ್ನು ಮುಚ್ಚಿಡುತ್ತದೆ, ಅಂಟಾಗಿ ಧೂಳನ್ನೂ ಹಿಡಿದುಕೊಳ್ಳುತ್ತದೆ. ಅದರ ಬದಲು ನೀರು ಸಾಕು. ಎಂಜಿನ್ ಐಡಲ್‌ನಲ್ಲಿರುವಾಗ, ಸೆರಗು, ದುಪಟ್ಟಾ, ತೋಳುಗಳನ್ನು ದೂರವಿರಿಸಿ, ಬೆಲ್ಟಿನ ಉದ್ದುದ್ದ ಏಣುಗಳಿರುವ (ರಿಬ್) ಬದಿಗೆ ಬಾಟಲಿಯಿಂದ ಸ್ವಲ್ಪ ನೀರು ಚಿಮುಕಿಸಿ. ಶಬ್ದ ಜೋರಾದರೆ ಬಿಗಿ ಸಾಲದು: ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಸೋತಿದೆ ಅಥವಾ ಬೆಲ್ಟು ಸವೆದಿದೆ. ಕ್ಷಣಕಾಲ ನಿಂತು ಮರಳಿದರೆ ಬೆಲ್ಟು ಸುತ್ತಿರುವ ಯಾವುದೋ ಪುಲ್ಲಿ (ಗಾಲಿ) ಸಾಲು ತಪ್ಪಿದೆ. ನೀರಿಗೆ ಜಗ್ಗದೆ ಒಂದೇ ಸಮನೆ ಗುರುಗುಟ್ಟುತ್ತಿದ್ದರೆ ಆಲ್ಟರ್ನೇಟರಿನ ಇಲ್ಲವೇ ಬೇರೊಂದು ಪುಲ್ಲಿಯ ಬೇರಿಂಗ್ ಹೋಗಿರಬಹುದು. ಆಗ ಮಾತ್ರ ಆಲ್ಟರ್ನೇಟರಿನ ಮಾತು. ಅದೂ ಬೆಲ್ಟು ಕಳಚಿ, ಪ್ರತಿ ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿ ನೋಡಿದ ಮೇಲೆ.

‘ಬೆಲ್ಟು ಬಿರುಕು ಬಿಟ್ಟಿಲ್ಲ, ಚೆನ್ನಾಗಿದೆ’ ಎಂದರೆ ಒಪ್ಪಬೇಡಿ. ಈಗಿನ ಬೆಲ್ಟುಗಳ ಇಪಿಡಿಎಂ ಎಂಬ ಕೃತಕ ರಬ್ಬರ್ ಬೇಗ ಬಿರುಕು ಬಿಡುವುದಿಲ್ಲ, ಟೈರಿನಂತೆ ಕಣ್ಣಿಗೆ ಬೀಳದೆ ಸವೆಯುತ್ತದೆ. ಕೂಲೆಂಟ್ ಅಥವಾ ಆಯಿಲ್ ಸೋರಿ ಬೆಲ್ಟಿಗೆ ತಾಗಿದ್ದರೆ ಸೋರಿಕೆಯನ್ನು ಮೊದಲು ನಿಲ್ಲಿಸಿ, ಇಲ್ಲದಿದ್ದರೆ ಹೊಸ ಬೆಲ್ಟೂ ಕೂಗುತ್ತದೆ.

ತುಂಬಾ ದಿನ ಮುಂದೂಡಬೇಡಿ. ಹಲವು ಕಾರುಗಳಲ್ಲಿ ವಾಟರ್ ಪಂಪನ್ನೂ ಇದೇ ಬೆಲ್ಟು ತಿರುಗಿಸುತ್ತದೆ. ದಾರಿಯಲ್ಲಿ ಬ್ಯಾಟರಿ ದೀಪ ಹತ್ತಿ, ತಾಪಮಾನದ ಮುಳ್ಳು ಏರತೊಡಗಿದರೆ ಮನೆ ಹತ್ತಿರವೇ ಇದೆ ಎಂದು ಓಡಿಸಬೇಡಿ. ಸುರಕ್ಷಿತ ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೆಲ್ಟು ಕೊಳ್ಳುವುದಾದರೆ ಹಳೆಯದರ ಬೆನ್ನಿನ ಮೇಲಿರುವ ಸಂಖ್ಯೆಯನ್ನು ಬರೆದುಕೊಂಡು ಹೋಗಿ. ‘6ಪಿಕೆ1180’ ಎಂದಿದ್ದರೆ ಆರು ಏಣು, 1180 ಮಿಲಿಮೀಟರ್ ಉದ್ದ. ಹೆಚ್ಚುಕಡಿಮೆ ಅದೇ ಅಳತೆ ಎಂದು ಕೊಟ್ಟದ್ದನ್ನು ತರಬೇಡಿ.