ಮೊದಲ ಕಿರುಚಿತ್ರ: ಉತ್ಸವ ಮೊದಲೋ, ಯೂಟ್ಯೂಬ್ ಮೊದಲೋ?

ಪ್ರಶ್ನೆ: ಗೆಳೆಯರೆಲ್ಲ ಸೇರಿ ಹದಿನೆಂಟು ನಿಮಿಷಗಳ ಕನ್ನಡ ಕಿರುಚಿತ್ರವೊಂದನ್ನು ಮುಗಿಸಿದ್ದೇವೆ. ಕೂಡಿಸಿದ ಹಣ ಚಿತ್ರೀಕರಣಕ್ಕೇ ಖರ್ಚಾಗಿದೆ. ಕೂಡಲೇ ಯೂಟ್ಯೂಬ್‌ಗೆ ಹಾಕೋಣವೆಂದು ತಂಡದವರು ಹೇಳಿದರೆ, ಮೊದಲು ಚಿತ್ರೋತ್ಸವಗಳಿಗೆ ಕಳುಹಿಸಬೇಕೆಂದು ಸಂಕಲನಕಾರರು ಹೇಳುತ್ತಾರೆ. ಯಾರ ಮಾತು ಸರಿ?
– ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಸಂಕಲನಕಾರರ ಮಾತು ಸರಿ. ಯೂಟ್ಯೂಬ್‌ಗೆ ಮುಂದೆ ಯಾವ ದಿನ ಬೇಕಾದರೂ ಹಾಕಬಹುದು. ಆದರೆ ಒಮ್ಮೆ ಎಲ್ಲರಿಗೂ ಕಾಣುವಂತೆ ಹಾಕಿದ ಚಿತ್ರವನ್ನು ಅನೇಕ ಉತ್ಸವಗಳು ಪರಿಗಣಿಸುವುದಿಲ್ಲ. ಆಮೇಲೆ ಅಳಿಸಿ ಹಾಕಿದರೂ ಹೋದ ಅವಕಾಶ ಮರಳುವುದಿಲ್ಲ. ಆಸ್ಕರ್ ಸ್ಪರ್ಧೆಯ ನಿಯಮವೂ ಇದೇ ಜಾಡಿನದು: ಅರ್ಹತೆ ಪಡೆಯುವ ಮೊದಲೇ ಅಂತರ್ಜಾಲದಲ್ಲಿ ಬಿಡುಗಡೆಯಾದ ಕಿರುಚಿತ್ರಕ್ಕೆ ಅಲ್ಲಿ ಜಾಗವಿಲ್ಲ. ಸದ್ಯಕ್ಕೆ ಪಾಸ್‌ವರ್ಡ್ ಇರುವ ಖಾಸಗಿ ಲಿಂಕ್ ಸಿದ್ಧಪಡಿಸಿಕೊಳ್ಳಿ. ಅದನ್ನು ಆಯ್ಕೆ ಸಮಿತಿಗಳಿಗಲ್ಲದೆ ಬೇರೆ ಯಾರಿಗೂ, ನಟರ ಬಂಧುಬಳಗಕ್ಕೂ ಕೊಡಬೇಡಿ.

ತಂಡದವರು ಹಣದ ಆಸೆಯಿಂದ ಅವಸರಪಡುತ್ತಿದ್ದರೆ ಅವರಿಗೆ ಈ ಲೆಕ್ಕ ತೋರಿಸಿ. ಜಾಹೀರಾತಿನ ಪಾಲು ಸಿಗಬೇಕಾದರೆ ಯೂಟ್ಯೂಬ್ ಚಾನೆಲ್‌ಗೆ 1,000 ಚಂದಾದಾರರು ಇರಬೇಕು ಮತ್ತು ಹಿಂದಿನ ಹನ್ನೆರಡು ತಿಂಗಳಲ್ಲಿ ಜನ ಅದರ ವಿಡಿಯೊಗಳನ್ನು ಒಟ್ಟು 4,000 ಗಂಟೆ ನೋಡಿರಬೇಕು. ನಿಮ್ಮದು ಹದಿನೆಂಟು ನಿಮಿಷದ ಚಿತ್ರವಾದ್ದರಿಂದ ಅದನ್ನು ಮೊದಲಿನಿಂದ ಕೊನೆಯವರೆಗೆ ಸುಮಾರು 13,300 ಸಲ ನೋಡಿದರೆ ಮಾತ್ರ ಅಷ್ಟು ಗಂಟೆಗಳಾಗುತ್ತವೆ. ಹೊಸ ಚಾನೆಲ್‌ಗೆ, ಒಂದೇ ಒಂದು ಚಿತ್ರದಿಂದ, ಅದು ಬಹಳ ಕಷ್ಟ.

ಮೊದಲು ಹತ್ತಿರದ ಉತ್ಸವಗಳನ್ನು ನೋಡಿ. 2010ರಲ್ಲಿ ಆರಂಭವಾದ ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವಕ್ಕೆ ಆಸ್ಕರ್ ಅರ್ಹತೆಯ ಮಾನ್ಯತೆಯಿದೆ, ಅಂದರೆ ಅಲ್ಲಿ ನಿಗದಿತ ಪ್ರಶಸ್ತಿ ಗೆದ್ದ ಕಿರುಚಿತ್ರ ಆಸ್ಕರ್ ಸ್ಪರ್ಧೆಗೆ ಅರ್ಜಿ ಹಾಕಬಹುದು. ಕೇರಳ ರಾಜ್ಯ ಚಲಚ್ಚಿತ್ರ ಅಕಾಡೆಮಿ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳಿಗಾಗಿಯೇ ತಿರುವನಂತಪುರದಲ್ಲಿ ಪ್ರತ್ಯೇಕ ಉತ್ಸವ ನಡೆಸುತ್ತದೆ. ಮುಂಬೈಯಲ್ಲಿ 1990ರಿಂದ ಎರಡು ವರ್ಷಕ್ಕೊಮ್ಮೆ ಸಾಕ್ಷ್ಯಚಿತ್ರ, ಕಿರುಚಿತ್ರ ಮತ್ತು ಅನಿಮೇಷನ್ ಚಿತ್ರಗಳ ಅಂತರರಾಷ್ಟ್ರೀಯ ಉತ್ಸವ ನಡೆಯುತ್ತಿದೆ. ಕಾನ್ ಉತ್ಸವದ ಕಿರುಚಿತ್ರ ಸ್ಪರ್ಧೆಗೆ ಹದಿನೈದು ನಿಮಿಷಗಳ ಮಿತಿಯಿರುವುದರಿಂದ ನಿಮ್ಮ ಚಿತ್ರ ಈಗಿರುವಂತೆ ಅಲ್ಲಿಗೆ ಹೋಗದು. 2024ರಲ್ಲಿ ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರಕ್ಕೆ ಕಾನ್‌ನಲ್ಲಿ ಮೊದಲ ಬಹುಮಾನ ಬಂದದ್ದನ್ನು ನೆನೆದು ಅನೇಕರು ಅಲ್ಲಿಗೇ ಮೊದಲು ಅರ್ಜಿ ಹಾಕಲು ಹೊರಡುತ್ತಾರೆ. ಆ ಬಹುಮಾನ ಬಂದದ್ದು ಲಾ ಸಿನೆಫ್ ವಿಭಾಗದಲ್ಲಿ. ಅದು ಚಲನಚಿತ್ರ ಶಾಲೆಗಳ ವಿದ್ಯಾರ್ಥಿಗಳಿಗೆ ಮೀಸಲು. ಚಿದಾನಂದ ಅವರು ಪುಣೆಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ಕಲಿಯುವಾಗ ಮಾಡಿದ ಚಿತ್ರವದು.

ಅರ್ಜಿಗಳು ಬಹುತೇಕ ಫಿಲ್ಮ್‌ಫ್ರೀವೇಯಂತಹ ಜಾಲತಾಣಗಳ ಮೂಲಕ ಹೋಗುತ್ತವೆ. ಗಡುವು ಹತ್ತಿರವಾದಂತೆ ಶುಲ್ಕ ಏರುವುದರಿಂದ ಮೊದಲ ಗಡುವಿನೊಳಗೇ ಕಳುಹಿಸುವುದು ಜಾಣತನ. ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಭಾರಿ ಹೆಸರಿಟ್ಟುಕೊಂಡು ತಿಂಗಳಿಗೊಮ್ಮೆ ಪ್ರಶಸ್ತಿ ಹಂಚುವ, ಯಾವ ಊರಿನ ಯಾವ ಸಭಾಂಗಣದಲ್ಲಿಯೂ ಚಿತ್ರ ತೋರಿಸದ, ಗೆದ್ದ ಮೇಲೆ ಫಲಕಕ್ಕೂ ಪ್ರಮಾಣಪತ್ರಕ್ಕೂ ಬೇರೆಯಾಗಿ ಹಣ ಕೇಳುವ ಉತ್ಸವಗಳು ಹೊಸಬರ ಆಸೆಯನ್ನೇ ಬಂಡವಾಳ ಮಾಡಿಕೊಂಡಿವೆ. ಪೋಸ್ಟರಿನ ಮೇಲೆ ಅಂತಹ ಹತ್ತು ಲಾಂಛನಗಳನ್ನು ಅಂಟಿಸಿದರೂ ಆಯ್ಕೆ ಸಮಿತಿಯವರು ಮೆಚ್ಚುವುದಿಲ್ಲ. ಹಿಂದಿನ ವರ್ಷ ಅಲ್ಲಿ ಯಾವ ಚಿತ್ರಗಳು ಪ್ರದರ್ಶನಗೊಂಡವು, ತೀರ್ಪುಗಾರರು ಯಾರಿದ್ದರು ಎಂಬುದು ಬಹಿರಂಗವಾಗಿ ಸಿಗದಿದ್ದರೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಉಳಿದ ಹಣವಿದ್ದರೆ ಉಪಶೀರ್ಷಿಕೆಗೆ ಖರ್ಚು ಮಾಡಿ. ಮಲೆನಾಡಿನ ಮಾತು ತಿಳಿಯದ ಆಯ್ಕೆದಾರರಿಗೆ ಪಾತ್ರಗಳ ಮನಸ್ಸು ತಲುಪುವುದು ಆ ಎರಡು ಸಾಲುಗಳ ಮೂಲಕವೇ. ಹಾಗಿರುವಾಗ ಅದನ್ನು ಯಂತ್ರಾನುವಾದಕ್ಕೆ ಒಪ್ಪಿಸುವುದು ತಿಂಗಳುಗಟ್ಟಲೆ ದುಡಿದ ನಟರಿಗೆ ಮಾಡುವ ಅನ್ಯಾಯ. ನಿಮ್ಮ ಕಡೆಯ ಆಡುಮಾತೂ ಇಂಗ್ಲಿಷೂ ಚೆನ್ನಾಗಿ ಬಲ್ಲ ಒಬ್ಬರಿಂದ ಬರೆಸಿ, ಚಿತ್ರವನ್ನು ನೋಡಿರದ ಮತ್ತೊಬ್ಬರಿಗೆ ತೋರಿಸಿ, ಓದಿ ಮುಗಿಸುವಷ್ಟು ಹೊತ್ತು ಪ್ರತಿ ಸಾಲೂ ಪರದೆಯ ಮೇಲೆ ನಿಲ್ಲುತ್ತದೆಯೇ ಎಂದು ಕೇಳಿ. ಉಪಶೀರ್ಷಿಕೆಯ ಸಾಲುಗಳೂ ಅವು ಮೂಡುವ ಸಮಯವೂ ಇರುವ ಎಸ್‌ಆರ್‌ಟಿ ಕಡತ ಬೇರೆಯಾಗಿಯೂ ಇರಲಿ, ಅಕ್ಷರಗಳನ್ನು ಚಿತ್ರದಲ್ಲೇ ಮೂಡಿಸಿದ ಒಂದು ಪ್ರತಿಯೂ ಇರಲಿ. ಇದರ ಜೊತೆಗೆ ನಾಲ್ಕು ಸಾಲಿನ ಕಥಾಸಾರ, ನಿರ್ದೇಶಕರ ಟಿಪ್ಪಣಿ ಮತ್ತು ನಾಲ್ಕೈದು ಒಳ್ಳೆಯ ಸ್ಥಿರಚಿತ್ರಗಳು ಬೇಕಾಗುತ್ತವೆ. ಚಿತ್ರಮಂದಿರದ ಪ್ರೊಜೆಕ್ಟರಿಗೆ ಬೇಕಾದ ಡಿಸಿಪಿ ಎಂಬ ಡಿಜಿಟಲ್ ಪ್ರತಿಯನ್ನು ಆಯ್ಕೆಯಾದ ಮೇಲೆ ಮಾಡಿಸಿದರೆ ಸಾಕು.

ಉತ್ಸವಗಳ ಫಲಿತಾಂಶ ಬರಲು ಒಂದು ವರ್ಷವೇ ಹಿಡಿಯಬಹುದು. ಅದಾದ ಮೇಲೆ, ಯೂಟ್ಯೂಬ್‌ಗಿಂತ ಮುಂಚೆ, ಚಿತ್ರವನ್ನು ನಿಮ್ಮ ಜಿಲ್ಲೆಯ ಜನರ ಮುಂದೆ ತೋರಿಸಿ ಎಂಬುದು ನನ್ನ ಕಳಕಳಿಯ ಸಲಹೆ. ಹೆಗ್ಗೋಡಿನ ನೀನಾಸಮ್ 1973ರಲ್ಲೇ ಚಿತ್ರಸಮಾಜ ಕಟ್ಟಿ ಹಳ್ಳಿಯ ಪ್ರೇಕ್ಷಕರಿಗೆ ಜಗತ್ತಿನ ಸಿನಿಮಾ ತೋರಿಸಿದ ಜಿಲ್ಲೆ ನಿಮ್ಮದು. 1971ರಲ್ಲಿ ಹುಟ್ಟಿ, ಈಗ ಬೆಂಗಳೂರಿನ ಬನಶಂಕರಿಯಲ್ಲಿರುವ ಸುಚಿತ್ರಾ ಫಿಲ್ಮ್ ಸೊಸೈಟಿಗೂ ಬರೆದು ನೋಡಿ. ಕಾಲೇಜುಗಳ ಕನ್ನಡ ಸಂಘಗಳಿಗೆ, ಹೊರನಾಡಿನ ಕನ್ನಡ ಕೂಟಗಳಿಗೆ ಪತ್ರ ಬರೆಯಲು ಖರ್ಚಿಲ್ಲ.

ಪ್ರಶ್ನೆ: ಹೆಚ್ಚು ಚಂದಾದಾರರಿರುವ ಚಾನೆಲ್ ಒಂದು ನಮ್ಮ ಕಿರುಚಿತ್ರವನ್ನು ಬಿಡುಗಡೆ ಮಾಡಲು ಮುಂದೆ ಬಂದಿದೆ. ಎಲ್ಲ ಹಕ್ಕುಗಳನ್ನೂ ಬರೆದುಕೊಡುವ ಒಪ್ಪಂದಕ್ಕೆ ಸಹಿ ಕೇಳುತ್ತಿದ್ದಾರೆ. ಚಿತ್ರದಲ್ಲಿ ರೇಡಿಯೊದಿಂದ ಬರುವಂತೆ ಹಳೆಯ ಚಿತ್ರಗೀತೆಯೊಂದರ ತುಣುಕೂ ಇದೆ. ಏನು ಮಾಡಬೇಕು?
– ಓದುಗರು, ಹುಬ್ಬಳ್ಳಿ

ಉತ್ತರ: ಎಲ್ಲ ಹಕ್ಕುಗಳನ್ನು ಬರೆದುಕೊಡಬೇಡಿ, ಪ್ರಸಾರದ ಪರವಾನಗಿಯನ್ನಷ್ಟೇ ಕೊಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಕರ್ತೃ ಅದರ ನಿರ್ಮಾಪಕ. ಆದ್ದರಿಂದ ತಂಡದಲ್ಲಿ ನಿರ್ಮಾಪಕರು ಯಾರೆಂಬುದನ್ನು ಮೊದಲು ಕಾಗದದ ಮೇಲೆ ತೀರ್ಮಾನಿಸಿಕೊಳ್ಳಿ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿಯನ್ನು ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕೆ ಸೀಮಿತವೆಂದೂ ಅದೇ ಕಾಯ್ದೆಯ 19ನೇ ಕಲಮು ಹೇಳುತ್ತದೆ. ಆದರೆ ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂದು ಬರೆದಿರುವ ಪತ್ರಕ್ಕೆ ಸಹಿ ಹಾಕಿದರೆ ಆ ರಕ್ಷಣೆ ನಿಮಗೆ ಸಿಗದು. ಎರಡು ವರ್ಷಗಳ ಮಿತಿ, ಆದಾಯದಲ್ಲಿ ಪಾಲು, ಉತ್ಸವಗಳಿಗೆ ಕಳುಹಿಸುವ ಸ್ವಾತಂತ್ರ್ಯ, ಈ ಮೂರನ್ನು ಸ್ಪಷ್ಟವಾಗಿ ಬರೆಸಿ. ಒಪ್ಪದಿದ್ದರೆ ಬಿಟ್ಟುಬಿಡಿ.

ಹಾಡಿನ ತುಣುಕು ಹತ್ತು ಸೆಕೆಂಡಿನದಾದರೂ ಅನುಮತಿ ಬೇಕು. ಇಷ್ಟು ಸೆಕೆಂಡಿನವರೆಗೆ ಉಚಿತವೆಂಬ ನಂಬಿಕೆಗೆ ಕಾನೂನಿನ ಆಧಾರವಿಲ್ಲ. ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆ ಅದನ್ನು ಗುರುತಿಸಿದರೆ ಆದಾಯ ಹಾಡಿನ ಹಕ್ಕುದಾರರಿಗೆ ಹೋಗಬಹುದು, ಚಿತ್ರವೇ ತಡೆಹಿಡಿಯಲ್ಪಡಲೂಬಹುದು. ಗೆಳೆಯರಿಂದ ಹೊಸದಾಗಿ ಒಂದು ಹಾಡು ಮಾಡಿಸಿ ಅಲ್ಲಿ ಕೂರಿಸುವುದು ಅಗ್ಗವಾದ ದಾರಿ. ಅವರಿಂದಲೂ ಒಪ್ಪಿಗೆ ಪತ್ರ ಬರೆಸಿಕೊಳ್ಳಿ.

ಪ್ರಶ್ನೆ: ಕಿರುಚಿತ್ರಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕೇ?
– ಓದುಗರು, ತುಮಕೂರು

ಉತ್ತರ: ಯೂಟ್ಯೂಬ್‌ಗೆ ಬೇಕಿಲ್ಲ. ಚಿತ್ರಮಂದಿರದಲ್ಲಿ ಸಾರ್ವಜನಿಕರಿಗೆ ತೋರಿಸಲು ಮತ್ತು ರಾಷ್ಟ್ರಪ್ರಶಸ್ತಿಯ ಸ್ಪರ್ಧೆಗೆ ಕಳುಹಿಸಲು ಬೇಕು. ಉತ್ಸವಗಳಿಗೆ ಪ್ರಸಾರ ಸಚಿವಾಲಯದಿಂದ ವಿನಾಯಿತಿ ಸಿಗುತ್ತದೆ. ಅದನ್ನು ಪಡೆಯುವುದು ಸಂಘಟಕರ ಹೊಣೆ. ಪ್ರಮಾಣಪತ್ರದ ಅರ್ಜಿಯನ್ನು ಇ-ಸಿನೆಪ್ರಮಾಣ್ ಜಾಲತಾಣದಲ್ಲಿ ಸಲ್ಲಿಸಬೇಕು. ಅದನ್ನು ಕೊಡುವ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿಯೇ ಇದೆ. ಚಿತ್ರದಲ್ಲಿ ಎತ್ತು, ನಾಯಿಗಳನ್ನು ನಟನೆಗೆ ಬಳಸಿದ್ದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ನಿರಾಕ್ಷೇಪಣಾ ಪತ್ರವನ್ನೂ ಕೇಳುತ್ತಾರೆ. ಅದಕ್ಕೆ ಚಿತ್ರೀಕರಣಕ್ಕಿಂತ ಮುಂಚೆಯೇ ಅನುಮತಿ ಪಡೆಯಬೇಕಾಗಿರುವುದರಿಂದ, ಮುಂದಿನ ಚಿತ್ರದ ಕಥೆಯಲ್ಲಿ ಪ್ರಾಣಿಗಳಿದ್ದರೆ ಈಗಲೇ ಅರ್ಜಿ ಹಾಕಿ.